ಕೆಲಸ ಹೋದ ಮನೆಯವರು ಕೂಡಲಸಂಗಮಕ್ಕೆ ಹೊರಟರೆ

ವಿಜಯಪುರದಿಂದ ಕೂಡಲಸಂಗಮಕ್ಕೆ ಹೋಗಿಬರಲು ಜಾಸ್ತಿ ದುಡ್ಡು ಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅಪ್ಪನ ಕೆಲಸ ಹೋದ ಮೇಲೆ ನಮ್ಮ ಮನೆಯಲ್ಲಿ ಎಲ್ಲಿಗೆ ಹೋಗೋಣ ಎಂದರೂ ಮೊದಲು ಬರುತ್ತಿದ್ದ ಮಾತು, "ದುಡ್ಡೆಲ್ಲೈತಿ?"

ಅಪ್ಪ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಫ್ಯಾಕ್ಟರಿ ಮುಚ್ಚಿತು. ಆಮೇಲೂ ದಿನಾ ಸ್ನಾನ, ಲಿಂಗಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದರು. ಮದುವೆ ಮುಂಜಿಗೆ ಹೋಗುವುದನ್ನೂ ಬಿಟ್ಟರು. ನಮ್ಮ ಗೋಡೆಯ ಮೇಲೆ "ಕಾಯಕವೇ ಕೈಲಾಸ" ಎಂದು ಬರೆದ ಬಸವಣ್ಣನವರ ಫೋಟೊ ಇದೆ. ಕಾಯಕವೇ ಇಲ್ಲದವನು ಯಾವ ಮುಖ ಇಟ್ಟುಕೊಂಡು ಪೂಜೆಗೆ ಕೂರಬೇಕು ಅಂತ ಒಮ್ಮೆ ಅವ್ವನ ಹತ್ತಿರ ಕೇಳಿದ್ದರು. ಅವ್ವನಿಗೆ ಉತ್ತರ ಹೊಳೆಯಲಿಲ್ಲ. ನಮ್ಮ ಆಯಿ, ಅಂದರೆ ಅಜ್ಜಿ ಮಾತ್ರ, "ಸಂಗಮಕ್ಕ ಹೋಗೂಣು. ಏನೂ ಬೇಡೂದು ಬ್ಯಾಡ, ಸುಮ್ನ ಕುಂತು ಬರೂಣು" ಎಂದಳು.

ಈಗ ದಾರಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಿದೆಯಲ್ಲ, ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ಕೈಯಲ್ಲಿರಲಿ. ನಾನು, ಅವ್ವ, ಆಯಿ ಹಾಗೇ ಹೋದೆವು. ದುಡ್ಡು ಕೊಟ್ಟದ್ದು ಅಪ್ಪನಿಗೂ ತಮ್ಮನಿಗೂ ಮಾತ್ರ. ಸ್ಲೀಪರ್, ಎಸಿ, ರಾಜಹಂಸದಂಥ ಬಸ್ಸುಗಳಿಗೆ ಇದು ನಡೆಯುವುದಿಲ್ಲ. ಇಳಕಲ್, ಹೊಸಪೇಟೆ ಕಡೆ ಹೋಗುವ ಬಸ್ ಹಿಡಿಯಿರಿ. ನಿಡಗುಂದಿ ದಾಟಿ, ಕೃಷ್ಣಾ ನದಿಯ ಸೇತುವೆ ದಾಟಿದ ಮೇಲೆ ಸಂಗಮ ಕ್ರಾಸ್ ಬರುತ್ತದೆ. ಕಂಡಕ್ಟರಿಗೆ ಹತ್ತುವಾಗಲೇ ಹೇಳಿಡಿ. ಕ್ರಾಸಿನಿಂದ ಒಳಗೆ ಟಂಟಂ, ಅಂದರೆ ಜನ ಹಂಚಿಕೊಂಡು ಹೋಗುವ ಆಟೊ ಸಿಗುತ್ತದೆ.

ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿಯನ್ನೂ ಅದೇ ದಿನ ನೋಡಬಹುದು. ಆದರೆ ವಯಸ್ಸಾದವರು ಜೊತೆಗಿದ್ದರೆ ನನ್ನ ಪ್ರಕಾರ ಬೇಡ. ಎರಡು ಮೂರು ಬಸ್ ಬದಲಿಸುವುದರಲ್ಲೇ ಜೀವ ಸಾಕಾಗುತ್ತದೆ. ಸಂಗಮದಲ್ಲಿ ಆತುರ ಇಲ್ಲದೆ ಕೂರಬೇಕು.

ಕೃಷ್ಣೆ, ಮಲಪ್ರಭೆ ಕೂಡುವ ಜಾಗ ಇದು. ದಂಡೆಯ ಮೇಲೆ ಸಂಗಮನಾಥನ ಹಳೆಯ ಕಲ್ಲಿನ ಗುಡಿ. ಬಸವಣ್ಣನವರ ವಚನಗಳ ಕೊನೆಗೆ ಬರುವ ಕೂಡಲಸಂಗಮದೇವ ಈತನೇ. ಮೊದಲು ಗುಡಿಗೆ ಹೋಗಿ, ಆಮೇಲೆ ಬಸವಣ್ಣನವರು ಲಿಂಗೈಕ್ಯರಾದ ಜಾಗ ಎನ್ನುವ ಐಕ್ಯ ಮಂಟಪಕ್ಕೆ ನಡೆಯಿರಿ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ನುಗ್ಗದಂತೆ ಮಂಟಪದ ಸುತ್ತ ದೊಡ್ಡ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಸೇತುವೆಯ ಮೇಲೆ ಹೋಗಿ, ಮೆಟ್ಟಿಲಿಳಿದು ಕೆಳಗೆ ತಲುಪಬೇಕು. ಮೊಣಕಾಲು ನೋವಿರುವವರು ಹತ್ತುವಾಗ ನಿಂತು ನಿಂತು ಹತ್ತಬೇಕಾಗುತ್ತದೆ. ಆಯಿ ಮೇಲೇ ಕುಳಿತಳು, ನಾವು ಇಳಿದೆವು.

ಕೆಳಗೆ ತಮ್ಮ, ಬಸವಣ್ಣ ಏನು ಕೆಲಸ ಮಾಡ್ತಿದ್ದರು ಅಂತ ಕೇಳಿದ. ಅಪ್ಪನೇ ಹೇಳಿದರು. ಇಲ್ಲೇ ಜಾತವೇದ ಮುನಿಗಳ ಹತ್ತಿರ ಓದಿದರು. ಮಂಗಳವೇಢೆಗೆ ಹೋಗಿ ಬಿಜ್ಜಳನ ಭಂಡಾರದಲ್ಲಿ ಕರಣಿಕರಾದರು, ಅಂದರೆ ಲೆಕ್ಕ ಬರೆಯುವವರು. ಕಲ್ಯಾಣದಲ್ಲಿ ದೊಡ್ಡ ಅಧಿಕಾರಕ್ಕೆ ಏರಿದರು. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆಯಿಂದ ಎದ್ದ ಗಲಾಟೆಯಲ್ಲಿ ಎಲ್ಲ ಬಿಟ್ಟು ಇಲ್ಲಿಗೇ ಬಂದರು. ಅಷ್ಟು ಹೇಳಿ ಅಪ್ಪ ಬಹಳ ಹೊತ್ತು ಅಲ್ಲೇ ಕೂತರು. ಈ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಕೆಲಸ ಕಳೆದುಕೊಂಡವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ದಾಸೋಹಕ್ಕೆ ಹೋಗಿ. ದಯವಿಟ್ಟು ಹೋಗಿ. ಕೆಲಸ ಇಲ್ಲದವರಿಗೆ ಪುಕ್ಕಟೆ ಊಟಕ್ಕೆ ಕೂರುವುದು ಎಷ್ಟು ಕಷ್ಟ ಅಂತ ನಾನು ಕಣ್ಣಾರೆ ನೋಡಿದ್ದೇನೆ. "ನೀವು ಉಂಡು ಬರ್ರಿ, ನನಗ ಹಸಿವಿಲ್ಲ" ಎಂದು ಅಪ್ಪ ಬಾಗಿಲ ಹತ್ತಿರವೇ ನಿಂತರು. ಬಡಿಸುತ್ತಿದ್ದ ಹಿರಿಯರೊಬ್ಬರು ಅವರನ್ನು ನೋಡಿ, "ಅಣ್ಣಾರ, ಮಂದಿ ಭಾಳ ಅದಾರ, ಸ್ವಲ್ಪ ಸಾರಿನ ಬಕೆಟ್ ಹಿಡೀರಿ" ಎಂದರು. ಅಪ್ಪ ತೋಳು ಮಡಚಿ ಬಕೆಟ್ ಹಿಡಿದರು. ಬಗ್ಗಿದಾಗಲೆಲ್ಲ ಪೆನ್ನು ಜಾರುತ್ತಿತ್ತು, ಎಡಗೈಯಲ್ಲಿ ಜೇಬು ಒತ್ತಿ ಹಿಡಿದೇ ಬಡಿಸಿದರು. ಒಂದು ಪಂಕ್ತಿ ಮುಗಿದ ಮೇಲೆ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟು, ಇನ್ನೊಂದು ಪಂಕ್ತಿಗೂ ನಿಂತರು. ಆಮೇಲೆ ಆ ಹಿರಿಯರ ಜೊತೆಗೇ ಕುಳಿತು, ಅನ್ನ ಸಾರು ಕೇಳಿ ಹಾಕಿಸಿಕೊಂಡು ಉಂಡರು. ಸಂಬಳ ಬೇರೆ, ಕಾಯಕ ಬೇರೆ ಅನ್ನುವುದು ನನಗೆ ಅವತ್ತು ಗೊತ್ತಾಯಿತು. ಹಾಗಾಗಿ ನಿಮ್ಮ ಮನೆಯವರು ಹಿಂಜರಿದರೆ ಊಟಕ್ಕೆ ಒತ್ತಾಯ ಮಾಡಬೇಡಿ. ಬಡಿಸಲು, ನೀರು ಕೊಡಲು ಕೈ ಹಚ್ಚಲಿ. ಊಟ ತಾನಾಗಿ ಆಗುತ್ತದೆ.

ದೊಡ್ಡ ಹರಕೆ ಹೊರಬೇಡಿ. ಕೆಲಸ ಸಿಕ್ಕರೆ ಬೆಳ್ಳಿ ಮಾಡಿಸುತ್ತೇನೆ, ನೂರು ಜನಕ್ಕೆ ಊಟ ಹಾಕಿಸುತ್ತೇನೆ ಅಂತ ಹೊತ್ತುಕೊಂಡು ಆಮೇಲೆ ಸಾಲ ಮಾಡಿದವರಿದ್ದಾರೆ. ಇದ್ದುದರಲ್ಲಿ ಒಂದು ಸೇರು ಅಕ್ಕಿಯೋ ಬೇಳೆಯೋ ದಾಸೋಹಕ್ಕೆ ಕೊಟ್ಟರೆ ಸಾಕು. ಸಂಗಮನಾಥ ಕೆಲಸ ಕೊಡಿಸಿದ ಅಂತ ನಾನು ಬರೆಯುತ್ತಿಲ್ಲ. ಊರಿಗೆ ಬಂದ ಮೇಲೆ ಅಪ್ಪ ತಾವಾಗಿಯೇ ಅಡತಿ ಅಂಗಡಿಗಳಿಗೆ ಹೋಗಿ ಕೇಳಿದರು. ಈಗ ಒಂದೆರಡು ಕಡೆ ಲೆಕ್ಕ ಬರೆಯುತ್ತಾರೆ. ಮೊದಲಿನಷ್ಟು ಬರುವುದಿಲ್ಲ, ಮನೆ ನಡೆಯುತ್ತದೆ.

ಹೋಗಲು ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬರಿಗಾಲಿಗೆ ಕಲ್ಲು ಸುಡುತ್ತದೆ. ಸಂಕ್ರಾಂತಿಗೆ ಪುಣ್ಯಸ್ನಾನಕ್ಕೆ ಜನ ತುಂಬಿರುತ್ತಾರೆ, ಸುಮ್ಮನೆ ಕೂರಬೇಕೆನ್ನುವವರು ಆ ದಿನಗಳನ್ನು ಬಿಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಹಿನ್ನೀರಿನ ಅಂಚು ಕೆಸರು. ಎಲ್ಲರೂ ಸ್ನಾನ ಮಾಡುವ ಘಟ್ಟ ಬಿಟ್ಟು ಬೇರೆಲ್ಲೂ ನೀರಿಗಿಳಿಯಬೇಡಿ. ಮಕ್ಕಳ ಕೈ ಬಿಡಬೇಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಸಂಜೆಗೆ ಆಗುತ್ತದೆ. ಕ್ರಾಸಿಗೆ ಮಾತ್ರ ಬೆಳಕಿರುವಾಗಲೇ ಬಂದುಬಿಡಿ. ಕತ್ತಲಾದರೆ ಟಂಟಂ ಕಮ್ಮಿ, ಹೆದ್ದಾರಿಯಲ್ಲಿ ಕೈ ಮಾಡಿದರೂ ಎಲ್ಲ ಬಸ್ಸೂ ನಿಲ್ಲುವುದಿಲ್ಲ.