ಮಾತ್ರೆ ಶುರು ಮಾಡಿದ ಮೊದಲ ವಾರಗಳು

ಡಿಪ್ರೆಶನ್ ಮಾತ್ರೆ ಶುರು ಮಾಡಿದಾಗ ಕಿರಿಕಿರಿ ಮೊದಲು ಬರುತ್ತದೆ, ಗುಣ ಆಮೇಲೆ. ಮನೆಯವರಿಗೆ ಇದು ಮೊದಲೇ ಗೊತ್ತಿರಬೇಕು. ನಮ್ಮಕ್ಕನ ಡಾಕ್ಟರು ಬಿಡಿಸಿ ಹೇಳಿ ಕಳಿಸದೇ ಇದ್ದಿದ್ದರೆ ಅವಳು ಮೊದಲ ವಾರವೇ ಮಾತ್ರೆ ಬಿಟ್ಟುಬಿಡುತ್ತಿದ್ದಳು.

ಅಕ್ಕ ಅಳುತ್ತಾ ಕೂತವಳಲ್ಲ. ಕೆಲಸಕ್ಕೆ ಹೋಗುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆದರೆ ಬೆಳಗಿನ ಜಾವಕ್ಕೇ ಎಚ್ಚರ, ಊಟ ಸೇರದು. ಕಸೂತಿ ಎಂದರೆ ಪ್ರಾಣ ಅವಳಿಗೆ. ಅರ್ಧ ಹಾಕಿದ ಬಟ್ಟೆ ಹಾಗೇ ಬಿದ್ದಿತ್ತು. ‘ಮುಟ್ಟಬೇಕು ಅಂತಲೇ ಅನ್ನಿಸಲ್ಲ ಕಣೇ’ ಅಂದಳು.

ಡಾಕ್ಟರು ಹಿಡಿದದ್ದು ಈ ಮಾತನ್ನೇ. ಖಿನ್ನತೆಯಲ್ಲಿ ದುಃಖವೇ ಎದ್ದು ಕಾಣಬೇಕೆಂದಿಲ್ಲ, ಇಷ್ಟವಾದದ್ದರಲ್ಲಿ ಆಸಕ್ತಿ ಹೋಗುವುದೂ ಅಷ್ಟೇ ದೊಡ್ಡ ಲಕ್ಷಣ. ಅದರ ಜೊತೆ ನಿದ್ದೆ, ಹಸಿವು, ಸುಸ್ತು, ಗಮನ, ತಾನು ಯಾವುದಕ್ಕೂ ಬಾರದವಳು ಅನ್ನುವ ಯೋಚನೆ, ಇವುಗಳಲ್ಲಿ ಹಲವು ಸೇರಿ ಕನಿಷ್ಠ 2 ವಾರ ಬಿಡದೆ ಕಾಡಿದರೆ ಅದನ್ನು ಕಾಯಿಲೆ ಎಂದೇ ನೋಡುತ್ತಾರೆ. ಥೈರಾಯ್ಡ್ ಕಡಿಮೆಯಾದರೂ ಹೀಗೇ ಆಗಬಹುದು, ಅದಕ್ಕೆ ರಕ್ತಪರೀಕ್ಷೆ ಮಾಡಿಸಿದರು. ಹಿಂದೆಂದಾದರೂ ವಿಪರೀತ ಹುರುಪು ಬಂದು ನಿದ್ದೆಯೇ ಬೇಡ ಅನ್ನಿಸಿತ್ತಾ ಎಂದೂ ಕೇಳಿದರು. ಒಮ್ಮೆ ಖಿನ್ನತೆ, ಇನ್ನೊಮ್ಮೆ ಅಂಥ ಹುರುಪು ಬರುವ ಬೈಪೋಲಾರ್ ಕಾಯಿಲೆ ಆಗಿದ್ದರೆ ಚಿಕಿತ್ಸೆಯೇ ಬೇರೆ.

‘ಸಾಯಬೇಕು ಅನ್ನಿಸುತ್ತಾ?’ ಅಂತ ನೇರವಾಗಿ ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಳಗೇ ಇಟ್ಟುಕೊಂಡವರಿಗೆ ಬಾಯಿ ಬಿಡಲು ದಾರಿಯಾಗುತ್ತದೆ.

ಕೊಟ್ಟದ್ದು ಎಸ್ಸಿಟಾಲೋಪ್ರಾಮ್. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸು, ತಲೆನೋವು, ಸುಮ್ನೆ ಚಡಪಡಿಕೆ. ಮನಸ್ಸು ಮಾತ್ರ ಇದ್ದ ಹಾಗೇ ಇತ್ತು. ಈ ಮಾತ್ರೆ ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಅನ್ನುವ ರಾಸಾಯನಿಕ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಆ ಕೆಲಸ ಬೇಗ ಶುರುವಾದರೂ ಮನಸ್ಸು ಹಗುರಾಗಲು 2ರಿಂದ 4 ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಜಾಸ್ತಿ. ಸೆರೊಟೋನಿನ್ ಕಡಿಮೆಯಾಗಿದೆ, ತುಂಬಿದರೆ ಸರಿ ಅನ್ನುವಷ್ಟು ಸರಳ ವಿಷಯ ಅಲ್ಲ ಇದು. 25ರೊಳಗಿನವರಲ್ಲಿ ಈ ಆರಂಭದ ದಿನಗಳಲ್ಲಿ ಸಾಯುವ ಯೋಚನೆ ಹೆಚ್ಚುವ ಸಾಧ್ಯತೆ ಇರುವುದರಿಂದ ಅವರನ್ನು ಹತ್ತಿರದಿಂದ ನೋಡಿಕೊಳ್ಳಬೇಕು. ಯಾವ ವಯಸ್ಸಿನವರೇ ಆಗಲಿ, ಅಂಥ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಡಾಕ್ಟರಿಗೆ ತಿಳಿಸಿ.

ಅಕ್ಕನಿಗೆ ಮೊದಲು ಸುಧಾರಿಸಿದ್ದು ನಿದ್ದೆ. ಅವಳಿಗಿಂತ ಮುಂಚೆ ಅದು ನಮಗೆ ಕಂಡಿತು.

ಕೌನ್ಸೆಲಿಂಗ್ ಕೂಡ ನಡೆಯುತ್ತಿತ್ತು. ಮನಸ್ಸು ಬಂದ ಮೇಲೆ ಮಾಡೋಣ ಎಂದು ಕಾಯಬೇಡಿ, ಚಿಕ್ಕದೊಂದು ಮಾಡಿ, ಮನಸ್ಸು ಹಿಂದೆ ಬರುತ್ತದೆ ಅನ್ನುವುದು ಅಲ್ಲಿನ ಪಾಠ. ಸೂಜಿಗೆ ದಾರ ಪೋಣಿಸಿಟ್ಟರೆ ಸಾಕು, ಆ ದಿನದ ಕೆಲಸ ಮುಗಿಯಿತು. ನನಗೆ ಇಡೀ ಚಿಕಿತ್ಸೆಯಲ್ಲಿ ತುಂಬಾ ಹಿಡಿಸಿದ್ದು ಇದು. ‘ಧೈರ್ಯ ತಂದುಕೋ’ ಅನ್ನುವವರು ಕೇಳುವುದು ಅವಳ ಹತ್ತಿರ ಇಲ್ಲದ್ದನ್ನು. ಇವರು ಅವಳ ಕೈಲಾದದ್ದನ್ನು ಕೇಳಿದರು.

ಮೊದಲ ಮಾತ್ರೆ ಎಲ್ಲರಿಗೂ ಹಿಡಿಸುವುದಿಲ್ಲ. ಪ್ರಮಾಣ ಬದಲಿಸುತ್ತಾರೆ, ಬೇರೆ ಮಾತ್ರೆ ಕೊಡುತ್ತಾರೆ. ತೀರಾ ಗಂಭೀರವಾದರೆ ಮಿದುಳಿಗೆ ಸ್ವಲ್ಪ ಕರೆಂಟ್ ಹಾಯಿಸುವ ಇಸಿಟಿ ಚಿಕಿತ್ಸೆ ಇದೆ, ಅದನ್ನು ಈಗ ಅರಿವಳಿಕೆ ಕೊಟ್ಟು ಮಾಡುತ್ತಾರೆ.

ಈಗ ಅಕ್ಕ ಚೆನ್ನಾಗಿದ್ದಾಳೆ. ‘ಹುಷಾರಾದಳಲ್ಲ, ಇನ್ಯಾಕೆ ಮಾತ್ರೆ, ಚಟ ಆಗಲ್ವಾ?’ ಎಂದು ನೆಂಟರು ಕೇಳುತ್ತಾರೆ. ಚಟ ಅಂದರೆ ಅದಕ್ಕಾಗಿ ಹಪಹಪಿಸುವುದು. ಇದರಲ್ಲಿ ಅದಿಲ್ಲ. ಹುಷಾರಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸುವುದು ಕಾಯಿಲೆ ಮರುಕಳಿಸದಿರಲಿ ಎಂದು. ತಟ್ಟನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಜುಮ್ಮು ಬರಬಹುದು, ಹಾಗಾಗಿ ಬಿಡುವಾಗ ಡಾಕ್ಟರೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾರೆ.