ಇಲ್ಲ, ನನ್ನ ರೇಡಿಯೋ ಯಾರನ್ನೂ ಬೇಯಿಸಲ್ಲ

"ಮೈಕ್ರೋವೇವ್ ಓವನ್ ಬಿಚ್ಚಿ ರೇಡಿಯೋಗೆ ಹಾಕ್ತೀಯಂತೆ, ರೇಡಿಯೇಷನ್ ಬರಲ್ವಾ?"

ಬರುತ್ತೆ. ನಾನು ಹ್ಯಾಮ್, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವನು. ರೇಡಿಯೋ ಅಲೆಯೂ ರೇಡಿಯೇಷನ್ನೇ, ಅದು ಬರಲಿ ಅಂತಲೇ ಮಹಡಿ ಮೇಲೆ ಆಂಟೆನಾ ಕಟ್ಟಿರೋದು. ಆದರೆ ನೀವು ಕೇಳ್ತಿರೋದು ಅದಲ್ಲ ಅಂತ ನನಗೂ ಗೊತ್ತು.

ಹೋದ ತಿಂಗಳು ವಿಜಯನಗರದಲ್ಲಿ ಒಂದು ಗೃಹಪ್ರವೇಶ. ಎಲೆಗೆ ಒಬ್ಬಟ್ಟು ಆಗತಾನೇ ಬಿದ್ದಿತ್ತು. ಎದುರು ಸಾಲಿನಿಂದ ಚಿಕ್ಕಪ್ಪ ಕೂಗಿದರು: "ಏನೋ, ಓವನ್ನಲ್ಲಿ ಅನ್ನ ಬೇಯುತ್ತೆ, ಆ ರೇಡಿಯೋ ಮುಂದೆ ಕೂತು ನೀನು ಬೇಯಲ್ವೇನೋ?" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ತುಪ್ಪ ಬಡಿಸುತ್ತಿದ್ದವನೂ ಉತ್ತರ ಕೇಳೋಕೆ ನಿಂತುಬಿಟ್ಟ. ಹೇಳಿ ಮುಗಿಸುವಷ್ಟರಲ್ಲಿ ಒಬ್ಬಟ್ಟು ತಣ್ಣಗಾಗಿತ್ತು. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಅನ್ನ ಬೇಯಿಸೋದು ಮ್ಯಾಗ್ನೆಟ್ರಾನ್. 2450 ಮೆಗಾಹರ್ಟ್ಸ್ ಅಲೆ ಹೊರಡೋದು ಅದರಿಂದ. ಅದು ನನಗೆ ಬೇಡವೇ ಬೇಡ, ಗುಜರಿಯವನಿಗೇ ವಾಪಸ್. ನನಗೆ ಬೇಕಿರೋದು ಟ್ರಾನ್ಸ್‌ಫಾರ್ಮರ್. ಮನೆಯ 230 ವೋಲ್ಟನ್ನು ಸುಮಾರು 2000 ವೋಲ್ಟ್ ಮಾಡುತ್ತೆ, ಅಷ್ಟೇ. ರಸ್ತೆ ಬದಿಯ ಬೆಸ್ಕಾಂ ಟ್ರಾನ್ಸ್‌ಫಾರ್ಮರಿನ ತಮ್ಮ ಅಂದುಕೊಳ್ಳಿ.

ರೇಡಿಯೋ ಸಿಗ್ನಲ್ಲಿನ ಬಲ ಹೆಚ್ಚಿಸೋ ನನ್ನ ಆಂಪ್ಲಿಫೈಯರಿನಲ್ಲಿ 3-500ಝಡ್ ಅನ್ನೋ ಗಾಜಿನ ವಾಲ್ವ್ ಇದೆ. ಅದಕ್ಕೆ 2500 ವೋಲ್ಟಿನ ಆಸುಪಾಸು ಡಿಸಿ ಬೇಕು. ಅಂಥ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡಿ ಅಂತ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ, ಅವರು ಹೇಳಿದ ರೇಟಿಗೆ ಎರಡು ಹೊಸ ಓವನ್ನೇ ಬರುತ್ತಿದ್ದವು. ಗುಜರಿಯಲ್ಲಿ ಎರಡು ಕೆಟ್ಟ ಓವನ್ 800 ರೂಪಾಯಿ. ಎರಡು ಯಾಕೆ ಅಂದರೆ, ಓವನ್ ಟ್ರಾನ್ಸ್‌ಫಾರ್ಮರಿನ ಹೈವೋಲ್ಟೇಜ್ ಸುತ್ತಿನ ಒಂದು ತುದಿ ಕಬ್ಬಿಣದ ಕೋರಿಗೇ ಸೇರಿರುತ್ತೆ. ಎರಡೂ ಕೋರ್ ಅರ್ತ್ ಮಾಡಿ, ಒಂದರ ಪ್ರೈಮರಿ, ಅಂದರೆ 230 ವೋಲ್ಟ್ ಕೊಡೋ ಸುತ್ತು, ಉಲ್ಟಾ ಕೊಟ್ಟರೆ ಡಿಸಿ ಮಾಡುವಾಗ ಎಸಿ ಅಲೆಯ ಎರಡೂ ಅರ್ಧ ಬಳಕೆಗೆ ಬರುತ್ತೆ, ಅದೇ ಫುಲ್ ವೇವ್. ಕರೆಂಟಿಗೆ ಲಗಾಮು ಹಾಕೋ ಶಂಟ್ ತುಂಡುಗಳನ್ನೂ ತಟ್ಟಿ ತೆಗೆಯಬೇಕು. ಓವನ್ ಕಂಪನಿಯವರು ಕೋರಿಗೆ ಕಬ್ಬಿಣ ಹಾಕುವಾಗ ಜಿಪುಣತನ ಮಾಡಿರುತ್ತಾರೆ. ಹಾಗಾಗಿ ಸುಮ್ನೆ ಆನ್ ಮಾಡಿಟ್ಟರೂ ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತೆ. ಫ್ಯಾನ್ ಬೇಕೇ ಬೇಕು.

ಇಷ್ಟು ಜನ ಕೇಳಿದ್ದಾರೆ, "ಮುಟ್ಟಿದರೆ ಏನಾಗುತ್ತೆ?" ಅಂತ ಒಬ್ಬರೂ ಕೇಳಿಲ್ಲ. ಸಾಯ್ತೀವಿ. ರೇಡಿಯೇಷನ್ ಥರ ನಿಧಾನಕ್ಕಲ್ಲ, ಅಲ್ಲೇ. ಆಫ್ ಮಾಡಿ ಪ್ಲಗ್ ಕಿತ್ತರೂ ಚಾರ್ಜ್ ಹಿಡಿದಿಡೋ ಕೆಪಾಸಿಟರುಗಳಲ್ಲಿ 2800 ವೋಲ್ಟ್ ಕೂತಿರಬಹುದು (2000 ವೋಲ್ಟ್ ಎಸಿಯ ಅಲೆಯ ತುದಿ ಅಷ್ಟು ಎತ್ತರಕ್ಕೆ ಹೋಗುತ್ತೆ). 40 ಮೈಕ್ರೋಫ್ಯಾರಡ್ ಇದ್ದರೆ 150 ಜೂಲ್ ದಾಟುತ್ತೆ, ಪ್ರಾಣ ತೆಗೆಯೋಕೆ ಧಾರಾಳ. ಅದನ್ನು ಇಳಿಸೋಕೆ ಬ್ಲೀಡರ್ ರೆಸಿಸ್ಟರ್ ಇದೆ, ನಿಜ. ಒಂದು ಸಲ ಅದೇ ಸುಟ್ಟುಹೋಗಿತ್ತು, ನನಗೆ ಗೊತ್ತಿರಲಿಲ್ಲ. ಐದು ನಿಮಿಷ ಕಾದು, ಅಭ್ಯಾಸಬಲಕ್ಕೆ ಅರ್ತ್ ಕೋಲು, ಅಂದರೆ ಉಳಿದ ಚಾರ್ಜನ್ನು ಅರ್ತಿಗೆ ಇಳಿಸೋ ತಾಮ್ರದ ಕೊಕ್ಕೆಯ ಕೋಲು, ಮುಟ್ಟಿಸಿದೆ. ಫಟ್! ಪಟಾಕಿ ಹೊಡೆದ ಹಾಗೆ. ತಾಮ್ರದ ಕೊಕ್ಕೆಯ ತುದಿ ಸಾಸಿವೆ ಕಾಳಷ್ಟು ಕರಗಿತ್ತು. ಆಮೇಲೆ, ಸಿಡಿಯದೆ ನಿಧಾನಕ್ಕೆ ಇಳಿಯಲಿ ಅಂತ, ಕೋಲಿಗೂ ಒಂದು ರೆಸಿಸ್ಟರ್ ಹಾಕಿದೆ. ಎರಡೂ ಕೈ ತಗುಲಿದರೆ ಕರೆಂಟ್ ಎದೆ ಮೂಲಕ ಹರಿಯುತ್ತೆ ಅಂತ ಎಡಗೈ ಮಾತ್ರ ಆಗಲೂ ಜೇಬಿನಲ್ಲೇ ಇತ್ತು. ಈಗಲೂ ಅಲ್ಲೇ ಇರುತ್ತೆ.

ಅವತ್ತಿನ ಸದ್ದಿಗೆ ಅಡುಗೆಮನೆಯಿಂದ ಓಡಿಬಂದವಳು ನನ್ನ ಹೆಂಡತಿ. ಅವಳಿಗೆ ವಾಲ್ವ್ ಗೊತ್ತಿಲ್ಲ, ಫುಲ್ ವೇವ್ ಗೊತ್ತಿಲ್ಲ. ಈಗ ಕಾಫಿ ತಂದರೆ ಲೋಟ ಕೊಡೋ ಮೊದಲು ಬಾಗಿಲಲ್ಲೇ ನಿಂತು ಕೇಳುತ್ತಾಳೆ, "ರೀ, ಕೋಲು ಮುಟ್ಟಿಸಿದ್ರಾ?"