ಮೂರೇ ಮ್ಯಾಚ್ ಗೆದ್ದ ವರ್ಷದ ಮಾತೇ ಯಾಕೆ?

ಕಂಪನಿ ಕೆಲಸಕ್ಕೆಂದು ಬೆಂಗಳೂರಿನಿಂದ ಡೆಟ್ರಾಯಿಟ್‌ಗೆ ಬರುವ ಹುಡುಗರು ಒಂದಲ್ಲ ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಮಜ್ಜಿಗೆ ಅನ್ನಕ್ಕೆ ಬರುವ ಹೊತ್ತಿಗೆ ಟಿವಿಯಲ್ಲಿ ಈ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಲಯನ್ಸ್‌ನ ಮ್ಯಾಚ್ ಶುರುವಾಗಿರುತ್ತದೆ, ನಾನು ಹಳೆಯ ಕಥೆ ತೆಗೆದಿರುತ್ತೇನೆ. ಆಗ ಪ್ರತಿ ಸಲವೂ ಇದೇ ಪ್ರಶ್ನೆ: “ಸರ್, ಇವರು 2024ರಲ್ಲಿ 15 ಮ್ಯಾಚ್ ಗೆದ್ದಿದ್ದಾರಲ್ಲ. ಅದನ್ನ ಬಿಟ್ಟು ಮೂರೇ ಗೆದ್ದ 2021ರ ಬಗ್ಗೆನೇ ಯಾಕೆ ಮಾತಾಡ್ತೀರಿ?”

ಯಾಕೆಂದರೆ, ಆ ವರ್ಷ ಅವರು ಸೋತ ರೀತಿ ನೋಡಿಯೇ ನನಗೆ ಈ ತಂಡದ ಮೇಲೆ ನಂಬಿಕೆ ಹುಟ್ಟಿದ್ದು.

ಆಗ ಈ ಊರು ಹೇಗಿತ್ತು ಎಂದು ಮೊದಲು ಹೇಳಬೇಕು. ಲಯನ್ಸ್ ಪ್ಲೇಆಫ್‌ನಲ್ಲಿ ಕೊನೆಯದಾಗಿ ಗೆದ್ದದ್ದು 1992ರ ಜನವರಿಯಲ್ಲಿ. 2008ರಲ್ಲಂತೂ ಆಡಿದ 16 ಮ್ಯಾಚನ್ನೂ ಸೋತಿದ್ದರು. 2021ರ ಜನವರಿಯಲ್ಲಿ ಹೊಸ ಹೆಡ್ ಕೋಚ್ ಆಗಿ ಡ್ಯಾನ್ ಕ್ಯಾಂಬೆಲ್ ಬಂದರು. 2008ರ ಆ ತಂಡದಲ್ಲಿ ಅವರೂ ಆಟಗಾರರಾಗಿದ್ದರು, ಹಾಗಾಗಿ ಇಲ್ಲಿಯ ನೋವನ್ನು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ನಮ್ಮನ್ನು ಕೆಡವಿದರೆ ಏಳುತ್ತೇವೆ, ಏಳುವಾಗ ಎದುರಾಳಿಯ ಮಂಡಿಚಿಪ್ಪು ಕಚ್ಚಿಕೊಂಡೇ ಏಳುತ್ತೇವೆ ಎಂದು ಮೊದಲ ಪತ್ರಿಕಾಗೋಷ್ಠಿಯಲ್ಲೇ ಹೇಳಿದರು. ದೇಶವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಸೋತು ಸೋತು ಸುಣ್ಣವಾದ ಊರಿನ ಮುಂದೆ ನಿಂತು ಇನ್ನೇನು ಹೇಳಬೇಕಿತ್ತು?

ಅದೇ ತಿಂಗಳು, 12 ವರ್ಷ ಇಲ್ಲಿ ಆಡಿದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವವನು) ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ಲಾಸ್ ಏಂಜಲೀಸ್ ರಾಮ್ಸ್‌ಗೆ ಬಿಟ್ಟುಕೊಡುವುದೆಂದು ಮಾತಾಯಿತು. ಬದಲಿಗೆ ಮುಂದಿನ ಡ್ರಾಫ್ಟ್‌ಗಳಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, ರಾಮ್ಸ್‌ನ ಆಯ್ಕೆಗಳು, ಜೊತೆಗೆ ರಾಮ್ಸ್‌ಗೆ ಬೇಡವಾಗಿದ್ದ ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್ ಬಂದರು. ಸ್ಟ್ಯಾಫರ್ಡ್ ಅಲ್ಲಿಗೆ ಹೋದ ಮೊದಲ ಸೀಸನ್ನಿನಲ್ಲೇ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ. ಗಾಫ್ ಇಲ್ಲಿ ಸೋಲುತ್ತಲೇ ಹೋದ.

ಹೇಗೆ ಸೋತರು ಅನ್ನುವುದನ್ನು ಕೇಳಿ. ಸೆಪ್ಟೆಂಬರ್ 26, ಬಾಲ್ಟಿಮೋರ್ ರೇವನ್ಸ್ ವಿರುದ್ಧ ಕೊನೆಯ ಕ್ಷಣಗಳಲ್ಲಿ ಲಯನ್ಸ್ 17-16 ಮುಂದಿದ್ದರು. ರೇವನ್ಸ್‌ನ ಜಸ್ಟಿನ್ ಟಕರ್ 66 ಗಜ ದೂರದಿಂದ ಚೆಂಡು ಒದ್ದ. ಚೆಂಡನ್ನು ಗೋಲ್ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದ್ದರೆ ಮೂರು ಅಂಕ, ಅದೇ ಫೀಲ್ಡ್ ಗೋಲ್. ಅಷ್ಟು ದೂರದಿಂದ ಆವರೆಗೆ ಈ ಲೀಗಿನಲ್ಲಿ, ಎನ್‌ಎಫ್‌ಎಲ್‌ನಲ್ಲಿ, ಯಾರೂ ಫೀಲ್ಡ್ ಗೋಲ್ ಹೊಡೆದಿರಲಿಲ್ಲ. ಚೆಂಡು ಅಡ್ಡಪಟ್ಟಿಯ ಮೇಲೆ ಬಿತ್ತು, ಮೇಲಕ್ಕೆ ಪುಟಿಯಿತು, ಆಚೆಗೆ ಉರುಳಿತು. 19-17. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. (1970ರಲ್ಲಿ ಟಾಮ್ ಡೆಂಪ್ಸಿ 63 ಗಜದಿಂದ ಒದ್ದು ದಾಖಲೆ ಮಾಡಿದ್ದೂ ಲಯನ್ಸ್ ವಿರುದ್ಧವೇ, ಅಂದಿನ ಸ್ಕೋರೂ 19-17.) ಎರಡು ವಾರದ ಮೇಲೆ ಮಿನೆಸೋಟ ವೈಕಿಂಗ್ಸ್ 54 ಗಜದಿಂದ ಒದ್ದು ಕೊನೆಯ ಕ್ಷಣದಲ್ಲಿ ಗೆದ್ದರು, ಮತ್ತೆ 19-17. ಥ್ಯಾಂಕ್ಸ್‌ಗಿವಿಂಗ್ ದಿನ ಷಿಕಾಗೋ ಬೇರ್ಸ್ ಕೂಡ ಗಡಿಯಾರ ನಿಲ್ಲುವ ಹೊತ್ತಿಗೆ ಒದ್ದೇ ಗೆದ್ದರು. ಒಂದೇ ಸೀಸನ್ನಿನಲ್ಲಿ ಮೂರು ಸೋಲು, ಮೂರೂ ಕೊನೆಯ ಒದೆತದಲ್ಲಿ.

ವೈಕಿಂಗ್ಸ್ ಎದುರಿನ ಆ ಸೋಲಿನ ನಂತರ ಕ್ಯಾಂಬೆಲ್ ಮೈಕಿನ ಮುಂದೆ ಅತ್ತುಬಿಟ್ಟರು. ಇಷ್ಟು ಆಡಿದ ಹುಡುಗರಿಗೆ ಗೆಲುವು ಸಿಗಲಿಲ್ಲವಲ್ಲ ಎಂಬ ಸಂಕಟ. ಮರುದಿನ ಆಫೀಸಿನಲ್ಲಿ ಅದರದೇ ಮಾತು. ಕೋಚ್ ಆದವನು ಅಳಬಾರದು ಎಂದರು ಕೆಲವರು. ಮೈಕಿನ ಮುಂದೆ ನಿಂತು ಆಟಗಾರರ ಮೇಲೆ ತಪ್ಪು ಹೊರಿಸುವ ಕೋಚ್‌ಗಳನ್ನು ನೋಡಿ ಸಾಕಾಗಿದ್ದ ನನಗೆ ಇವರು ಬೇರೆಯಾಗಿ ಕಂಡರು.

ಸೋಲುತ್ತಿದ್ದರೂ ಹೆದರಿ ಆಡಲಿಲ್ಲ. ಈ ಆಟದಲ್ಲಿ ಹತ್ತು ಗಜ ಸಾಗಲು ನಾಲ್ಕು ಪ್ರಯತ್ನ ಇರುತ್ತವೆ, ಒಂದೊಂದಕ್ಕೂ ಡೌನ್ ಅನ್ನುತ್ತಾರೆ. ಮೂರು ಮುಗಿದರೆ, ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಕೊಟ್ಟುಬಿಡುತ್ತಾರೆ. ಅದಕ್ಕೆ ಪಂಟ್ ಅನ್ನುತ್ತಾರೆ. ಅಕ್ಟೋಬರ್‌ನಲ್ಲಿ ರಾಮ್ಸ್ ವಿರುದ್ಧ, ಸ್ಟ್ಯಾಫರ್ಡ್ ಎದುರು ನಿಂತಿದ್ದಾಗ, ಕ್ಯಾಂಬೆಲ್ ಎರಡು ಸಲ ಪಂಟ್ ಮಾಡುವಂತೆ ತೋರಿಸಿ ಮಾಡದೆ ಮುಂದೆ ಸಾಗಿಸಿದರು. ಸೋತರು, 28-19. ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಮಳೆಯಲ್ಲಿ 16-16 ಡ್ರಾ. ಡಿಸೆಂಬರ್ ಬಂದಾಗ ಲೆಕ್ಕ: ಗೆಲುವು ಸೊನ್ನೆ, ಸೋಲು ಹತ್ತು, ಡ್ರಾ ಒಂದು.

ಈಗ ಡಿಸೆಂಬರ್ 5. ಮತ್ತೆ ವೈಕಿಂಗ್ಸ್, ನಮ್ಮ ಫೋರ್ಡ್ ಫೀಲ್ಡ್‌ನಲ್ಲಿ. ನಾಲ್ಕು ನಿಮಿಷ ಉಳಿದಿದೆ, ಲಯನ್ಸ್ ಮುಂದಿದ್ದಾರೆ. ತಮ್ಮದೇ 28 ಗಜದ ಗೆರೆಯ ಹತ್ತಿರ ನಾಲ್ಕನೇ ಡೌನ್, ಬೇಕಾದದ್ದು ಒಂದೇ ಗಜ. ಯಾರಾದರೂ ಪಂಟ್ ಮಾಡುವ ಜಾಗ. ಕ್ಯಾಂಬೆಲ್ ಮಾಡಲಿಲ್ಲ. ಗಾಫ್ ಕೈಯಿಂದ ಚೆಂಡು ಜಾರಿತು, ವೈಕಿಂಗ್ಸ್ ಗೋಲ್ ಲೈನ್ ದಾಟಿ ಟಚ್‌ಡೌನ್ ಮಾಡಿ, ಆರು ಅಂಕ ಪಡೆದು, 27-23 ಮುಂದೆ ಹೋದರು. ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಅವಳನ್ನು ತಡೆಯಲು ನನಗೆ ಮಾತು ಬರಲಿಲ್ಲ.

ಉಳಿದದ್ದು ಒಂದು ನಿಮಿಷ 50 ಸೆಕೆಂಡ್, ಸಾಗಬೇಕಾದದ್ದು 75 ಗಜ, ಗಡಿಯಾರ ನಿಲ್ಲಿಸಲು ಕೈಯಲ್ಲಿ ಒಂದು ಟೈಮ್‌ಔಟೂ ಇಲ್ಲ. ಗಾಫ್ ಚಿಕ್ಕ ಚಿಕ್ಕ ಪಾಸ್‌ಗಳಲ್ಲೇ ಸಾಗಿಸಿದ. ನಾಲ್ಕು ಸೆಕೆಂಡ್ ಉಳಿದಾಗ 11 ಗಜ ಬಾಕಿ. ವೈಕಿಂಗ್ಸ್ ಡಿಫೆಂಡರ್‌ಗಳು ಹಿಂದೆ ಸರಿದು ನಿಂತಿದ್ದರು. ಲಯನ್ಸ್‌ನ ಅಮೋನ್-ರಾ ಸೇಂಟ್ ಬ್ರೌನ್ ಆ ಡಿಫೆಂಡರ್‌ಗಳ ಮುಂದೆ ಗೋಲ್ ಲೈನ್ ಬಳಿ ಥಟ್ಟನೆ ತಿರುಗಿದ, ಚೆಂಡು ನೇರ ಅವನ ಎದೆಗೆ ಬಂತು. ಗಡಿಯಾರ ಸೊನ್ನೆ. 29-27. ಸೇಂಟ್ ಬ್ರೌನ್‌ನನ್ನು ತಂಡಕ್ಕೆ ತೆಗೆದುಕೊಂಡಿದ್ದು ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ. ತನಗಿಂತ ಮುಂಚೆ ಆಯ್ಕೆಯಾದ, ತನ್ನಂತೆ ಪಾಸ್ ಹಿಡಿಯುವ 16 ರಿಸೀವರ್‌ಗಳ ಹೆಸರನ್ನೂ ಬಾಯಿಪಾಠ ಮಾಡಿಟ್ಟುಕೊಂಡ ಹುಡುಗ ಅವನು. ಎನ್‌ಎಫ್‌ಎಲ್‌ನಲ್ಲಿ ಅದು ಅವನ ಮೊದಲ ಟಚ್‌ಡೌನ್. ತಂಡಕ್ಕೆ 364 ದಿನಗಳ ನಂತರ ಮೊದಲ ಗೆಲುವು.

ಇದಾದ ಮೇಲೆ ನಡೆದದ್ದನ್ನು ಹುಡುಗರಿಗೆ ತಪ್ಪದೆ ಹೇಳುತ್ತೇನೆ. ಐದು ದಿನ ಮೊದಲು, ನವೆಂಬರ್ 30ರಂದು, ಡೆಟ್ರಾಯಿಟ್‌ನ ಉತ್ತರಕ್ಕಿರುವ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ಗುಂಡಿನ ದಾಳಿಯಾಗಿ ನಾಲ್ವರು ಮಕ್ಕಳು ಸತ್ತಿದ್ದರು. ನಮ್ಮ ಮಗಳು ಆ ವಾರ ಶಾಲೆಗೆ ಹೋಗಲು ಹೆದರಿದ್ದಳು. ಗೆದ್ದ ಮ್ಯಾಚಿನ ಚೆಂಡನ್ನು ಕ್ಯಾಂಬೆಲ್ ಯಾವ ಆಟಗಾರನಿಗೂ ಕೊಡಲಿಲ್ಲ, ಆಕ್ಸ್‌ಫರ್ಡ್‌ನವರಿಗೆ ಎಂದರು. ಸತ್ತ ಮಕ್ಕಳ ಹೆಸರನ್ನು ಒಂದೊಂದಾಗಿ ಹೇಳಿದರು. ವರ್ಷವಿಡೀ ಕಾದ ಗೆಲುವು ಅದು, ತಮ್ಮದೆಂದು ಇಟ್ಟುಕೊಳ್ಳಲಿಲ್ಲ. ಮಗಳು ನನ್ನ ಪಕ್ಕದಲ್ಲಿ ಕೂತು ಅದನ್ನು ಪೂರ್ತಿ ಕೇಳಿದಳು.

ಆಮೇಲೆ ಅರಿಜೋನ ಕಾರ್ಡಿನಲ್ಸ್ ವಿರುದ್ಧ ಗೆದ್ದರು, ಕೊನೆಯ ಮ್ಯಾಚಿನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧವೂ. ಒಟ್ಟು ಮೂರು ಗೆಲುವು, 13 ಸೋಲು, ಒಂದು ಡ್ರಾ. ಮುಂದಿನ ವರ್ಷವೂ ಏಳರಲ್ಲಿ ಒಂದೇ ಗೆದ್ದು ಶುರುಮಾಡಿ, ಕೊನೆಗೆ ಒಂಬತ್ತಕ್ಕೆ ಮುಟ್ಟಿಸಿದರು. ಆ ಏಳು ಮ್ಯಾಚಿನ ಹೊತ್ತಿಗೆ ಕ್ಯಾಂಬೆಲ್‌ರನ್ನು ತೆಗೆಯಿರಿ ಎಂದವರು ಇದ್ದರು. ತೆಗೆಯದಿದ್ದದ್ದು ಮಾಲೀಕರಾದ ಶೀಲಾ ಫೋರ್ಡ್ ಹ್ಯಾಂಪ್ ಮಾಡಿದ ದೊಡ್ಡ ಕೆಲಸ.

ನಾಲ್ಕನೇ ಡೌನ್‌ನ ಆ ಧೈರ್ಯ ಅವರಿಗೆ ನಷ್ಟವನ್ನೂ ತಂದಿದೆ. 2024ರ ಜನವರಿಯಲ್ಲಿ ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ ಇದ್ದಾಗ, ಸ್ಯಾನ್ ಫ್ರಾನ್ಸಿಸ್ಕೋದ ವಿರುದ್ಧ 24-7 ಮುಂದಿದ್ದವರು 34-31ರಲ್ಲಿ ಸೋತರು. ಎರಡು ನಾಲ್ಕನೇ ಡೌನ್ ಕೈಕೊಟ್ಟಿದ್ದವು. ಆದರೂ ನಾನು ಅವರ ಕಡೆಗೇ. ಡಿಸೆಂಬರ್ 5ರಂದು ಬೈಯದವನಿಗೆ ಆವತ್ತು ಬೈಯುವ ಹಕ್ಕಿಲ್ಲ.

ಅದಕ್ಕೆ ಎರಡು ವಾರ ಮೊದಲು, ಜನವರಿ 14ರ ರಾತ್ರಿ, ಫೋರ್ಡ್ ಫೀಲ್ಡ್‌ಗೆ ರಾಮ್ಸ್ ಬಂದಿದ್ದರು, ಸ್ಟ್ಯಾಫರ್ಡ್ ಸಮೇತ. ಲಯನ್ಸ್ 24-23ರಲ್ಲಿ ಗೆದ್ದರು, 32 ವರ್ಷಗಳಲ್ಲಿ ಮೊದಲ ಪ್ಲೇಆಫ್ ಗೆಲುವು. ರಾಮ್ಸ್‌ಗೆ ಬೇಡವಾದ ಗಾಫ್‌ನ ಹೆಸರನ್ನು ಇಡೀ ಸ್ಟೇಡಿಯಂ ಕೂಗುತ್ತಿತ್ತು. ಗೆಲುವನ್ನು ಖಚಿತ ಮಾಡಿದ ಕೊನೆಯ ಪಾಸ್ ಅವನು ಎಸೆದದ್ದು ಸೇಂಟ್ ಬ್ರೌನ್‌ಗೆ. ಆವತ್ತು ನನ್ನ ಹೆಂಡತಿ ಅಡುಗೆಮನೆಗೆ ಹೋಗಲಿಲ್ಲ.